ಕೊಳ್ಳೇಗಾಲದ ರೇಷ್ಮೆಯ ಮನೆಗಳಲ್ಲಿ ವಾಯುವಿನ ತೇವವೂ ಕೆಲಸಗಾರರ ಆರೋಗ್ಯವೂ

ಕೊಳ್ಳೇಗಾಲದ ಸೀಮೆಯು 1956ನೆಯ ಇಸವಿಯವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆ ವರ್ಷದ ನವೆಂಬರಿನಲ್ಲಿ ಮೈಸೂರು ರಾಜ್ಯವನ್ನು ಕೂಡಿಕೊಂಡಿತು. 1997ರಿಂದ ಚಾಮರಾಜನಗರ ಜಿಲ್ಲೆಯೊಳಗಿದೆ. ಆಡಳಿತವು ಹೀಗೆ ಕೈಯಿಂದ ಕೈಗೆ ಬಂದರೂ ಈ ಸೀಮೆಗೆ ಹೆಸರು ತಂದ ವೃತ್ತಿ ಮಾತ್ರ ಒಂದೇ; ಅದು ರೇಷ್ಮೆ. ಹಿಪ್ಪುನೇರಳೆಯ ಸೊಪ್ಪು ಸೀರೆಯಾಗುವವರೆಗೆ ಮೂರು ಬಗೆಯ ಮನೆಗಳನ್ನು ಹಾಯ್ದು ಬರಬೇಕು: ಹುಳು ಸಾಕುವ ಮನೆ, ಗೂಡಿನಿಂದ ನೂಲು ಬಿಚ್ಚುವ ಮನೆ, ಮಗ್ಗದ ಮನೆ. ಈ ಮೂರರಲ್ಲಿಯೂ ಕೆಲಸದ ಗುಣದೋಷಗಳನ್ನು ನಿರ್ಣಯಿಸತಕ್ಕ ಒಂದು ಸಾಮಾನ್ಯ ದ್ರವ್ಯವುಂಟು. ಅದು ಕಣ್ಣಿಗೆ ಕಾಣದೆ ವಾಯುವಿನಲ್ಲಿ ಸೇರಿರುವ ನೀರು. ಅದು ಹುಳುವಿಗೂ ಎಳೆಗೂ ಮಾಡುವ ಉಪಕಾರವನ್ನು ಶಾಸ್ತ್ರಜ್ಞರು ಸೂಕ್ಷ್ಮವಾಗಿ ಅಳೆದಿದ್ದಾರೆ. ಅದೇ ಮನೆಯಲ್ಲಿ ಹಗಲೆಲ್ಲ ಉಸಿರಾಡುವ ಮನುಷ್ಯನಿಗೆ ಅದು ಮಾಡುವುದೇನೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯತಕ್ಕದ್ದು. ಕನ್ನಡದಲ್ಲಿ ಹಸಿ, ತೇವ, ತಂಪು ಎಂದು ಬೇರೆ ಬೇರೆ ಮಾತುಗಳಿದ್ದರೂ ವ್ಯವಹಾರದಲ್ಲಿ ಇವು ಒಂದರೊಡನೊಂದು ಬೆರೆತುಹೋಗಿವೆ. ತಂಪು ಶಾಖದ ಅಭಾವ. ತೇವ ನೀರಿನ ಸದ್ಭಾವ. ವಾಯುವು ಬಿಸಿಯಾದಷ್ಟೂ ಹೆಚ್ಚು ನೀರನ್ನು ಧರಿಸಬಲ್ಲುದು. ಒಂದು ಘನ ಮೀಟರು ವಾಯುವು 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 17 ಗ್ರಾಂ ನೀರಾವಿಯಿಂದ ಪೂರ್ಣವಾಗುತ್ತದೆ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಬೇಕು. ಧರಿಸಬಹುದಾದುದರಲ್ಲಿ ಎಷ್ಟು ಭಾಗವನ್ನು ಧರಿಸಿದೆಯೆಂಬ ಶೇಕಡಾ ಲೆಕ್ಕಕ್ಕೆ ಸಾಪೇಕ್ಷ ಆರ್ದ್ರತೆಯೆಂದು ಹೆಸರು. ಬೆಳಗಿನ ಜಾವದಲ್ಲಿ 20 ಡಿಗ್ರಿಯಲ್ಲಿ ಪೂರ್ಣವಾಗಿದ್ದ ವಾಯುವು ಹಗಲು 30 ಡಿಗ್ರಿಗೆ ಕಾದರೆ, ನೀರು ಒಂದು ತೊಟ್ಟೂ ಕಡಿಮೆಯಾಗದೆ, ಅದರ ಆರ್ದ್ರತೆಯು ಶೇಕಡಾ 57ಕ್ಕೆ ಇಳಿಯುತ್ತದೆ. ಮನುಷ್ಯನ ದೇಹವು ಬೆವರನ್ನು ಆವಿಯಾಗಿ ಬಿಟ್ಟು ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಸುತ್ತಲಿನ ವಾಯುವು ನೀರಿನಿಂದ ತುಂಬಿದ್ದರೆ ಬೆವರು ಹರಿದೀತೇ ಹೊರತು ಆರುವುದಿಲ್ಲ. ಶಾಖವು ಒಳಗೇ ನಿಲ್ಲುತ್ತದೆ. ಬಿಸಿಯೂ ತೇವವೂ ಕೂಡಿದಲ್ಲಿ ಕೆಲಸಗಾರನು ಬೇಗ ದಣಿಯುವುದಕ್ಕೆ ಇದೇ ಕಾರಣ.

ಪ್ರಾಚೀನ ವೈದ್ಯರಿಗೆ ಈ ಅಂಶವು ಅವಿದಿತವಾಗಿರಲಿಲ್ಲ. ಅವರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಿ, ನೀರು ಹೆಚ್ಚಾದ ಆನೂಪದೇಶದಲ್ಲಿ ಕಫವಾತಗಳಿಂದಾಗುವ ರೋಗಗಳು ಹೆಚ್ಚೆಂದು ಹೇಳಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳನ್ನು ಧ್ವಂಸಗೊಳಿಸುವ ರೋಗಗಳಿಗೆ ಕಾರಣಗಳನ್ನು ವಿವರಿಸುವಲ್ಲಿ ದುಷ್ಟವಾಯುವಿನ ಲಕ್ಷಣಗಳು ಬಂದಿವೆ. ಚಲನೆಯಿಲ್ಲದಿರುವುದು, ಅತಿಯಾಗಿ ಒಣಗಿರುವುದು, ಅತಿಯಾಗಿ ಕ್ಲಿನ್ನವಾಗಿರುವುದು, ಒಗ್ಗದ ಗಂಧ, ಬಾಷ್ಪ, ಧೂಳು, ಹೊಗೆ ಇವುಗಳಿಂದ ಕೆಟ್ಟಿರುವುದು ಎಂಬಿವು ಅವುಗಳಲ್ಲಿ ಕೆಲವು. ಗ್ರಂಥಕಾರನ ದೃಷ್ಟಿಯು ದೇಶಕ್ಕೆಲ್ಲ ವ್ಯಾಪಿಸಿದ ವಾಯುವಿನ ಮೇಲಿದ್ದರೂ, ನೂಲು ಬಿಚ್ಚುವ ಒಂದು ಚಿಕ್ಕ ಮನೆಯಲ್ಲಿ ಈ ಲಕ್ಷಣಗಳ ಬಹುಭಾಗವು ಒಟ್ಟಿಗೆ ಕಾಣಬರುತ್ತದೆ.

ಹುಳು ಸಾಕುವ ಮನೆಯಲ್ಲಿ ತೇವದ ಅಳತೆಯು ಹುಳುವಿನ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಚಾಕಿಯ ಎಳೆಯ ಹುಳುಗಳಿಗೆ 26ರಿಂದ 28 ಡಿಗ್ರಿ ಶಾಖವೂ ಶೇಕಡಾ 80ರಿಂದ 90ರ ಆರ್ದ್ರತೆಯೂ ಬೇಕು. ತೇವ ಕಡಿಮೆಯಾದರೆ ಹೆಚ್ಚಿದ ಸೊಪ್ಪು ಬಾಡಿ, ಹುಳು ಹಸಿದಿರುತ್ತದೆ. ಕೊನೆಯ ಜ್ವರವನ್ನು ಕಳೆದ ದೊಡ್ಡ ಹುಳುಗಳಿಗೆ 23ರಿಂದ 25 ಡಿಗ್ರಿ, ಶೇಕಡಾ 65ರಿಂದ 70 ಸಾಕು. ಈ ಮಿತಿಯನ್ನು ಮೀರಿದ ತೇವವು ತಂಪಿನೊಡನೆ ಸೇರಿದರೆ ಸುಣ್ಣಕಟ್ಟು ರೋಗದ ಬೂಷ್ಟು ಬಲಿಯುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತಿದ ಮೇಲಂತೂ ಗಾಳಿಯಾಡದ ತೇವವು ಗೂಡನ್ನೇ ಕೆಡಿಸುತ್ತದೆ. ಅಂಥ ಗೂಡಿನ ಎಳೆಯು ಸುಲಭವಾಗಿ ಬಿಚ್ಚದೆ ಮತ್ತೆ ಮತ್ತೆ ಹರಿಯುತ್ತದೆ. ಆದುದರಿಂದಲೇ ಬೇಸಗೆಯಲ್ಲಿ ಒದ್ದೆಯ ಗೋಣಿಯ ಪರದೆಗಳನ್ನು ಕಟ್ಟುವುದು, ಮಳೆಗಾಲದಲ್ಲಿ ಇದ್ದಿಲ ಒಲೆಯನ್ನಿಡುವುದು, ಜ್ವರದ ಹೊತ್ತಿನಲ್ಲಿ ಸುಣ್ಣದ ಪುಡಿಯನ್ನು ಉದುರಿಸುವುದು, ಚಂದ್ರಿಕೆಗಳನ್ನು ಗಾಳಿಯಾಡುವ ನೆರಳಿಗೆ ತರುವುದು ಮುಂತಾದ ಕ್ರಮಗಳು ರೂಢಿಗೆ ಬಂದಿವೆ.

ಇವೆಲ್ಲವೂ ಹುಳುವಿನ ಹಿತಕ್ಕಾಗಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡು ಎಂಬ ವಿಷವಾಯು ಹುಟ್ಟುತ್ತದೆ. ಸುಣ್ಣದ ಪುಡಿಯು ಮೂಗುಗಂಟಲುಗಳನ್ನು ಕೆರಳಿಸುತ್ತದೆ. ಮನೆಯನ್ನು ಶುದ್ಧಿಮಾಡಲು ಎರಚುವ ಫಾರ್ಮಲಿನ್ ದ್ರಾವಣವು 25 ಡಿಗ್ರಿಗಿಂತ ಹೆಚ್ಚಿನ ಶಾಖವೂ ಶೇಕಡಾ 70ಕ್ಕಿಂತ ಹೆಚ್ಚಿನ ತೇವವೂ ಇದ್ದಾಗಲೇ ರೋಗಾಣುಗಳನ್ನು ಚೆನ್ನಾಗಿ ಕೊಲ್ಲುವುದು. ಕಣ್ಣಿನಲ್ಲಿ ನೀರು ತರಿಸಿ ಉಸಿರನ್ನು ಕಟ್ಟಿಸುವ ಅದರ ಆವಿಯೂ ಅಂಥ ಮುಚ್ಚಿದ ಕೋಣೆಯಲ್ಲಿಯೇ ತುಂಬಿಕೊಳ್ಳುವುದು.

ನೂಲು ಬಿಚ್ಚುವ ಮನೆಯ ಸ್ಥಿತಿ ಇದಕ್ಕಿಂತ ಕಠಿನ. ಗೂಡಿನ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಬಿಸಿನೀರಿನಲ್ಲಿ ಮಾತ್ರ ಮೆತ್ತಗಾಗುತ್ತದೆ. ಚರಕದಲ್ಲಾಗಲಿ ಕಾಟೇಜ್ ಬೇಸಿನ್ನಿನಲ್ಲಾಗಲಿ ಗೂಡನ್ನು ಬೇಯಿಸದೆ ನೂಲಿಲ್ಲ, ಬೇಯಿಸಿದಲ್ಲಿ ಹಬೆಯಿಲ್ಲದಿಲ್ಲ. ಹಬೆಯೊಡನೆ ಒಲೆಯ ಹೊಗೆ, ಬೆಂದ ಹುಳುವಿನ ವಾಸನೆ, ಗೋಂದಿನ ಹನಿಗಳು ಒಂದಾಗಿ ತಗ್ಗಾದ ಮಾಡಿನ ಕೆಳಗೆ ನಿಲ್ಲುತ್ತವೆ. ಹೊಗೆಯ ಕಣಗಳು ತೇವವನ್ನು ಹೀರಿ ಉಬ್ಬುತ್ತವೆ. ಗೋಡೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹಗಲೆಲ್ಲ ಬಿಸಿನೀರಿನಲ್ಲಿರುವ ಬೆರಳುಗಳ ಚರ್ಮವು ಬಿಳಿಚಿ ಬಿರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ವೈದ್ಯರು ಇಂಥ ಕೈರೋಗಕ್ಕೆ ನೂಲಿನ ತೊಟ್ಟಿಯ ಹೆಸರನ್ನೇ ಇಟ್ಟಿದ್ದರು. ಇಟಲಿಯ ವೈದ್ಯನಾದ ರಾಮಾಜ್ಜಿನಿಯು ವೃತ್ತಿರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾರು ಹಿಂಜುವವರೊಡನೆ ರೇಷ್ಮೆಯ ಗೂಡನ್ನು ಹಿಂಜುವವರ ಬೇನೆಯನ್ನೂ ವಿಚಾರಿಸಿದ್ದಾನೆ. ರೇಷ್ಮೆ ಬಿಚ್ಚುವವರಲ್ಲಿ ಕಾಣುವ ಉಬ್ಬಸವು ವೃತ್ತಿಯಿಂದಲೇ ಉಂಟಾಗಬಹುದೆಂಬುದನ್ನು 1985ರಲ್ಲಿ ಪ್ರಕಟವಾದ ಭಾರತದ ಪರಿಶೋಧನೆಯೊಂದು ತೋರಿಸಿತು. ಹುಳುವಿನ ಮತ್ತು ಗೂಡಿನ ಸೂಕ್ಷ್ಮ ದ್ರವ್ಯಗಳು ಕೆಲವರ ದೇಹಕ್ಕೆ ಒಗ್ಗದಿರುವುದೇ ಇದರ ಮೂಲ.

ಮಗ್ಗದ ಮನೆಯಲ್ಲಿ ಹಬೆಯಿಲ್ಲ. ಆದರೂ ತೇವದ ಆವಶ್ಯಕತೆಯುಂಟು. ಒಣಗಾಳಿಯಲ್ಲಿ ಎಳೆಯು ಬಿರುಸಾಗಿ ಹರಿಯುತ್ತದೆ. ನೇಕಾರನ ಕಾಲುಗಳು ಗುಂಡಿಯಲ್ಲಿರುವ ಮಗ್ಗಗಳಲ್ಲಿ ನೆಲದ ತೇವವು ಎಳೆಗೆ ಮೃದುತ್ವವನ್ನು ಕೊಡುತ್ತದೆ, ಕಾಲಿನ ಕೀಲುಗಳಿಗೆ ಥಂಡಿಯನ್ನು ಕೊಡುತ್ತದೆ. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಹತ್ತಿಯ ನೂಲು ಹರಿಯದಿರಲೆಂದು ಗಿರಣಿಯ ಒಡೆಯರು ನೇಯ್ಗೆಯ ಶಾಲೆಗಳೊಳಕ್ಕೆ ಹಬೆಯನ್ನು ಬಿಡುತ್ತಿದ್ದರು. ಕೆಲಸಗಾರರ ಆಕ್ಷೇಪಣೆಯು ಬಹುಕಾಲ ನಡೆದು, 1889ರಲ್ಲಿ ಅಲ್ಲಿನ ಪಾರ್ಲಿಮೆಂಟು ಆ ತೇವಕ್ಕೆ ಮಿತಿಯನ್ನು ಗೊತ್ತುಮಾಡಿತು. ನೂಲಿನ ಹಿತವೂ ನೇಯುವವನ ಹಿತವೂ ಬೇರೆಯಾಗಬಹುದೆಂಬುದನ್ನು ಶಾಸನವು ಆಗ ಒಪ್ಪಿಕೊಂಡಂತಾಯಿತು.

ಭಾರತದಲ್ಲಿ 1948ನೆಯ ಇಸವಿಯಲ್ಲಿ ಎರಡು ಶಾಸನಗಳು ಹುಟ್ಟಿದವು. ಒಂದರಿಂದ ಕೇಂದ್ರ ರೇಷ್ಮೆ ಮಂಡಳಿಯು ಮರುವರ್ಷ ಸ್ಥಾಪಿತವಾಯಿತು. ಇನ್ನೊಂದು ಕಾರ್ಖಾನೆಗಳ ಶಾಸನ. ಗಾಳಿಯ ಸಂಚಾರ, ಧೂಳುಹೊಗೆಗಳ ನಿವಾರಣೆ, ಕೃತಕವಾದ ತೇವದ ನಿಯಂತ್ರಣ ಇವುಗಳನ್ನು ಅದು ವಿಧಿಸಿತು. ಹೊಸ ಕಾರ್ಖಾನೆಗಳಲ್ಲಿ ಒಬ್ಬೊಬ್ಬನಿಗೂ 500 ಘನ ಅಡಿಗಳ ಅವಕಾಶವಿರಬೇಕೆಂದಿತು. ಆದರೆ ಯಂತ್ರಶಕ್ತಿಯಿದ್ದರೆ 10 ಮಂದಿ, ಇಲ್ಲದಿದ್ದರೆ 20 ಮಂದಿ ಇರುವ ಸ್ಥಳಕ್ಕೆ ಮಾತ್ರ ಅದು ಸಾಮಾನ್ಯವಾಗಿ ಅನ್ವಯಿಸುತ್ತಿತ್ತು. 2020ರಲ್ಲಿ ಅಂಗೀಕೃತವಾದ ಸಂಹಿತೆಯು ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ನಾಲ್ಕೈದು ಜನ ಕೂಡಿ ನೂಲು ಬಿಚ್ಚುವ ಮನೆಯೂ ಗಂಡಹೆಂಡಿರು ನೇಯುವ ಮನೆಯೂ ಈ ಎಣಿಕೆಯೊಳಗೆ ಬರುವುದಿಲ್ಲ. ಹೀಗಿರಲಾಗಿ, ಹುಳುವಿನ ಕೋಣೆಗೆ ದಿನದಿನದ ಅಳತೆಯಿದೆ. ಮನುಷ್ಯನ ಕೋಣೆಗೆ ಇಲ್ಲ.

ಇಲ್ಲಿ ಒಂದು ಆಕ್ಷೇಪವುಂಟು: ತೇವವನ್ನು ತೆಗೆದರೆ ವೃತ್ತಿಯೇ ನಿಲ್ಲುವುದಲ್ಲವೇ ಎಂದು. ಇದಕ್ಕೆ ಸಮಾಧಾನವು ಸುಲಭ. ತೇವವು ಬೇಕಾದುದು ಗೂಡಿಗೆ, ಸೊಪ್ಪಿಗೆ, ಎಳೆಗೆ. ಕೋಣೆಯ ವಾಯುವಿಗೆಲ್ಲ ಬೇಕಾಗಿಲ್ಲ. ಬೇಯಿಸುವ ಪಾತ್ರೆಯ ಮೇಲೆ ಕವಚವನ್ನು ಕಟ್ಟಿ ಹಬೆಯನ್ನು ಮಾಡಿನ ಹೊರಕ್ಕೆ ಒಯ್ಯುವುದು, ಒಲೆಯ ಬಾಯನ್ನು ಗೋಡೆಯ ಆಚೆಗಿಟ್ಟು ಹೊಗೆಯ ಕೊಳವೆಯನ್ನು ಎತ್ತರಿಸುವುದು, ತಗ್ಗಿನಲ್ಲಿ ಒಂದು ಕಿಂಡಿ ಮಾಡಿನಲ್ಲಿ ಒಂದು ಕಿಂಡಿಯಿಟ್ಟು ಬಿಸಿಗಾಳಿಗೆ ದಾರಿ ಮಾಡುವುದು, ಚಾಕಿಯ ತಟ್ಟೆಗಳನ್ನು ಮಾತ್ರ ಮೇಣಗಾಗದದಿಂದ ಮುಚ್ಚಿ ತೇವವನ್ನು ಅಲ್ಲಿಯೇ ಹಿಡಿದಿಡುವುದು, ಔಷಧವನ್ನು ಎರಚಿದ ಮೇಲೆ ಬಾಗಿಲು ತೆರೆದು ಗಾಳಿಯಾಡಿದ ಅನಂತರವೇ ಒಳಹೊಗುವುದು ಇವೇ ಉಪಾಯಗಳು. ಇವುಗಳಲ್ಲಿ ಯಾವುದೂ ರೇಷ್ಮೆಗೆ ಹಾನಿಯನ್ನುಂಟುಮಾಡತಕ್ಕದ್ದಲ್ಲ.

ಈ ವಿಚಾರವು ರೇಷ್ಮೆಯ ಮನೆಗಳಲ್ಲಿಯೇ ಮುಗಿಯುವುದಿಲ್ಲ. ಕಚೇರಿಗಳಲ್ಲಿಯೂ ಪುಸ್ತಕಭಂಡಾರಗಳಲ್ಲಿಯೂ ಕುಳಿತು ಕೆಲಸಮಾಡುವವರಿಗೆ ಶೇಕಡಾ 40ರಿಂದ 60ರ ಆರ್ದ್ರತೆಯು ಹಿತವೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಅದಕ್ಕಿಂತ ಬಹಳ ಕಡಿಮೆಯಾದರೆ ಕಣ್ಣುಗಂಟಲುಗಳು ಒಣಗುತ್ತವೆ. ಬಹಳ ಹೆಚ್ಚಾದರೆ ಕಡತಗಳಿಗೂ ಓಲೆಗರಿಗಳಿಗೂ ಬೂಷ್ಟು ಹಿಡಿಯುತ್ತದೆ, ಧೂಳಿನ ನುಸಿಗಳು ಬೆಳೆಯುತ್ತವೆ, ಅಂಟಿನಿಂದ ಮಾಡಿದ ಹಲಗೆಯ ಬೀರುಗಳಿಂದ ಮೇಲೆ ಹೇಳಿದ ಫಾರ್ಮಲಿನ್ನಿನದೇ ಆವಿಯು ಹೆಚ್ಚಾಗಿ ಹೊರಡುತ್ತದೆ. ಓಲೆಯ ರಕ್ಷಣೆಗೆ ತೇವವನ್ನು ಅಳೆಯುವ ಭಂಡಾರದಲ್ಲಿ ಅದನ್ನು ಓದುವವನ ಉಸಿರನ್ನೂ ಅದೇ ಅಳತೆಯಿಂದ ನೋಡಬಹುದು.

ಕೊಳ್ಳೇಗಾಲದ ಹುಳುಮನೆಯ ಗೋಡೆಯಲ್ಲಿ ತೂಗುವ ತೇವಮಾಪಕವು ಅಲ್ಪಬೆಲೆಯ ಉಪಕರಣ; ಒಂದು ಒಣ ಉಷ್ಣಮಾಪಕ, ಒದ್ದೆಯ ಬತ್ತಿ ಸುತ್ತಿದ ಇನ್ನೊಂದು, ಇಷ್ಟೇ ಅದರ ಅಂಗಗಳು. ಅಂಥದೇ ಒಂದನ್ನು ನೂಲಿನ ಮನೆಯಲ್ಲಿಯೂ ತೂಗಹಾಕಿ, ಅದು ತೋರಿಸುವ ಅಂಕೆಯನ್ನು ತೊಟ್ಟಿಯ ಮುಂದೆ ಕುಳಿತವರ ಪರವಾಗಿ ಓದುವುದೇ ಮೊದಲು ಆಗತಕ್ಕ ಕೆಲಸ.