ಯಾವುದು ಬೇಕೆಂದು ಮಗುವನ್ನೇ ಕೇಳೋಣ

ಕಳೆದ ಬೇಸಿಗೆಯಲ್ಲಿ ಮೊಮ್ಮಗನೊಡನೆ ಮೈಸೂರಿಗೆ ಹೊರಟವನು ಹೊಸ ಹೆದ್ದಾರಿಯನ್ನು ಬಿಟ್ಟು ಚನ್ನಪಟ್ಟಣದ ಹಳೆಯ ರಸ್ತೆ ಹಿಡಿದೆ. ಅಲ್ಲಿನ ಗೊಂಬೆ ಅಂಗಡಿಯೊಂದರಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬುಗುರಿ, ಕುದುರೆ, ಗಿಲಕಿಗಳ ಸಾಲಿನ ಮುಂದೆ ಅವನನ್ನು ನಿಲ್ಲಿಸಿ, 'ಒಂದನ್ನು ಆರಿಸಿಕೋ' ಎಂದೆ. ಎಂಟು ವರ್ಷದ ಹುಡುಗ ಬಹಳ ಹೊತ್ತು ನೋಡಿದ. ಕೊನೆಗೆ ನನ್ನತ್ತ ತಿರುಗಿ, 'ತಾತ, ಯಾವುದು ಅಂತ ನೀವೇ ಹೇಳಿ' ಎಂದ. ಅಂಗಡಿಯವರು ಅವನ ವಿಧೇಯತೆಯನ್ನು ಮೆಚ್ಚಿಕೊಂಡರು. ನನಗೆ ಮಾತ್ರ ಕಸಿವಿಸಿಯಾಯಿತು. ಇಪ್ಪತ್ತೈದು ವರ್ಷಗಳ ಹಿಂದೆ ಪಿಯುಸಿ ಅರ್ಜಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ಇವನ ತಂದೆಯೂ ನನಗೆ ಇದೇ ಮಾತನ್ನು ಹೇಳಿದ್ದ.

ಅಂದು ನಾನು ಅದನ್ನು ಸಂಸ್ಕಾರವೆಂದು ಭಾವಿಸಿ ಹೆಮ್ಮೆಪಟ್ಟಿದ್ದೆ. ಸರ್ಕಾರಿ ಸೇವೆಯ ವರ್ಗಾವಣೆಗಳ ನಡುವೆ ಮಗನ ಶಾಲೆ, ಅಂಗಿ, ಆಟ, ಗೆಳೆಯರು ಎಲ್ಲವೂ ನನ್ನ ತೀರ್ಮಾನಗಳೇ ಆಗಿದ್ದವು. ಹದಿನಾರು ವರ್ಷ ಏನನ್ನೂ ಆರಿಸಲು ಬಿಡದೆ, ಒಂದು ಮಧ್ಯಾಹ್ನ ಬದುಕಿನ ದಾರಿಯನ್ನೇ ಆರಿಸು ಎಂದರೆ ಅವನು ಏನು ಹೇಳಿಯಾನು?

ಅರ್ಥಶಾಸ್ತ್ರದ ಮೊದಲ ಪಾಠವೇ ಆಯ್ಕೆ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆಯನ್ನು ನಾವು 'ಅವಕಾಶ ವೆಚ್ಚ' ಎನ್ನುತ್ತೇವೆ. ಬುಗುರಿಯನ್ನು ಆರಿಸಿದ ಮಗು ಕುದುರೆಯನ್ನು ಬಿಟ್ಟುಕೊಡುತ್ತದೆ. ಆ ಸಣ್ಣ ನಷ್ಟವನ್ನು ಸಹಿಸುವುದೇ ಕಲಿಕೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ದರ ಒಪ್ಪಿಗೆಯಾಗದಿದ್ದರೆ ಅದನ್ನು ನಿರಾಕರಿಸುವ ಹಕ್ಕು ರೈತನಿಗಿದೆ. ಒಪ್ಪಬೇಕೋ, ಕಾಯಬೇಕೋ ಎಂಬುದನ್ನು ಅವನು ಅಲ್ಲಿಯೇ ನಿರ್ಧರಿಸಬೇಕು. ಲಾಭನಷ್ಟ ಎರಡೂ ಅವನದೇ. ಇಂಥ ವಿವೇಕ ಯಾರಿಗೂ ವಯಸ್ಸಿನೊಡನೆ ತಾನಾಗಿ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ.

ಈ ವಿಷಯದಲ್ಲಿ ಸರ್ಕಾರ ನಮ್ಮ ಮನೆಗಳಿಗಿಂತ ಒಂದು ಹೆಜ್ಜೆ ಮುಂದಿದೆ ಎಂದರೆ ಅಚ್ಚರಿಯಾದೀತು. 2021ರಲ್ಲಿ ಕಲ್ಯಾಣ ಕರ್ನಾಟಕ ಭಾಗದಲ್ಲಿ ಮೊದಲುಗೊಂಡು, 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ಯೋಜನೆಯಡಿ ಶಾಲಾಮಕ್ಕಳಿಗೆ ಬಿಸಿಯೂಟದ ಜತೆ ಮೊಟ್ಟೆ ಕೊಡಲಾಗುತ್ತಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಉಂಟು. ಗ್ರಾಮೀಣಾಭಿವೃದ್ಧಿ ಇಲಾಖೆಯಂತೂ 2006ರಲ್ಲಿಯೇ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿತು. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಆದರೆ ಮನೆಯಲ್ಲಿ ಇಂದು ಯಾವ ಅಂಗಿ ತೊಡಲಿ ಎಂದು ಹೇಳಲಾಗದ ಮಗು ಪಂಚಾಯಿತಿಯ ಸಭೆಯಲ್ಲಿ ಎದ್ದು ನಿಂತು ಶಾಲೆಗೆ ಶೌಚಾಲಯ ಬೇಕೆಂದು ಕೇಳೀತೇ?

ಮಕ್ಕಳು ಕೇಳಿದ್ದನ್ನೆಲ್ಲ ಕೊಟ್ಟರೆ ಹಾಳಾಗುವುದಿಲ್ಲವೇ ಎಂಬ ಆಕ್ಷೇಪ ಸಹಜವೇ. ಆದರೆ ಆಯ್ಕೆಯೆಂದರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ. ಎಲ್ಲೆಯನ್ನು ಹಿರಿಯರು ಗೊತ್ತುಪಡಿಸಬೇಕು. ಎಲ್ಲೆಯೊಳಗಿನ ತೀರ್ಮಾನ ಮಗುವಿನದಾಗಬೇಕು. ಲಸಿಕೆ, ಶಾಲೆ, ಮಲಗುವ ಹೊತ್ತು ಇವು ಚರ್ಚೆಗೆ ಹೊರತು. ಈ ಎಲ್ಲೆಯ ಮಹತ್ವ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತಿರಬೇಕು. ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ಜಗತ್ತಿನ ಮುಂದಿಟ್ಟಾಗ ಕರ್ನಾಟಕದ ಹೆಸರೂ ಅದರಲ್ಲಿತ್ತು. 'ಮಗುವೇ ಇಷ್ಟಪಟ್ಟು ಬರುತ್ತದೆ' ಎಂಬ ಸಮರ್ಥನೆಯನ್ನು ಸೇವೆಯಲ್ಲಿದ್ದಾಗ ನಾನು ಎಷ್ಟೋ ಬಾರಿ ಕೇಳಿದ್ದೇನೆ. ಓದೋ, ದುಡಿಮೆಯೋ ಎಂಬುದು ಮಗುವಿನ ಮುಂದಿಡುವ ಆಯ್ಕೆಯೇ ಅಲ್ಲ.

ಇದು ಸಿರಿವಂತರ ಮನೆಯ ಮಾತು ಎನ್ನುವಂತೆಯೂ ಇಲ್ಲ. ಇರುವ ಎರಡು ಅಂಗಿಗಳಲ್ಲಿ ಯಾವುದು, ಮೊದಲು ಸ್ನಾನವೋ ಮನೆಗೆಲಸದ ಲೆಕ್ಕವೋ, ಇಂದಿನ ಸಾರು ಸೊಪ್ಪಿನದೋ ಕಾಳಿನದೋ ಎಂದು ಕೇಳಲು ಖರ್ಚಿಲ್ಲ. ಕನಕಪುರದ ಹಳ್ಳಿಯ ಮನೆಗೂ ಮಾಗಡಿ ಪೇಟೆಯ ಮನೆಗೂ ಇದು ಸಮಾನವಾಗಿ ಸಾಧ್ಯ. ಎರಡು ಎಚ್ಚರಗಳು ಮಾತ್ರ ಬೇಕು. ಕೇಳಿದ ಮೇಲೆ ಉತ್ತರವನ್ನು ತಳ್ಳಿಹಾಕಬಾರದು. ಅದು ಕೇಳದಿರುವುದಕ್ಕಿಂತ ಕೆಟ್ಟದ್ದು. ಆಯ್ಕೆ ತಪ್ಪಿದಾಗ 'ನಾನು ಆಗಲೇ ಹೇಳಲಿಲ್ಲವೇ' ಎಂದು ಹಂಗಿಸಬಾರದು.

ಅಂದು ಅಂಗಡಿಯಲ್ಲಿ ನಾನು ಉತ್ತರ ಹೇಳದೆ ಕಾದೆ. ಹುಡುಗ ಕೊನೆಗೂ ಕುದುರೆಯನ್ನು ಎತ್ತಿಕೊಂಡ. ಕಾರು ಹತ್ತಿದ ಕೂಡಲೇ ಬುಗುರಿಯೇ ಚೆನ್ನಾಗಿತ್ತು ಎಂದು ಮುಖ ಸಪ್ಪೆ ಮಾಡಿದ. ಹಿಂದಿರುಗಿ ಅದನ್ನೂ ಕೊಡಿಸಿಬಿಡುವ ಆಸೆ ನನಗಾಯಿತು, ತಡೆದುಕೊಂಡೆ. ಮದ್ದೂರು ದಾಟುವ ಹೊತ್ತಿಗೆ ಅವನು ಕುದುರೆಯೊಡನೆ ಆಟದಲ್ಲಿ ಮುಳುಗಿದ್ದ. ಅವನ ತಂದೆಗೆ ನಾನು ಕೊಡದೆ ಉಳಿಸಿಕೊಂಡಿದ್ದ ಪಾಠ ಅದು.