ಪೆಟ್ರೋಲ್ ಪ್ರೆಶರ್ ವಾಷರ್: ಓಡಿ ಹಾಳಾಗುವುದಕ್ಕಿಂತ ಮೂಲೆಯಲ್ಲಿ ನಿಂತು ಹಾಳಾಗುವುದೇ ಹೆಚ್ಚು

ಮಳೆಗಾಲ ಮುಗಿದು ಹಿಂಗಾರೂ ನಿಂತ ಮೇಲೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾವ ಮನೆಯ ಅಂಗಳ ನೋಡಿದರೂ ಹೆಚ್ಚುಕಡಿಮೆ ಒಂದೇ ಬಣ್ಣ. ಇಂಟರ್‌ಲಾಕ್ ಕಪ್ಪಾಗಿರುತ್ತದೆ, ಕಾಂಪೌಂಡ್ ಗೋಡೆಯ ಬುಡಕ್ಕೆ ಪಾಚಿ ಹಿಡಿದಿರುತ್ತದೆ, ಟೆರೇಸಿನ ಮೆಟ್ಟಿಲಲ್ಲಿ ಕಾಲಿಟ್ಟರೆ ಜಾರುತ್ತದೆ. ಮನೆಯಲ್ಲಿ ಮದುವೆ ಇದ್ದರಂತೂ ಪೇಂಟಿಂಗಿಗೆ ಮೊದಲು ಇದನ್ನೆಲ್ಲ ತೆಗೆಯಲೇಬೇಕು. ಬ್ರಷ್ ಹಿಡಿದು ಎರಡು ದಿನ ಉಜ್ಜುವ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸುತ್ತದೆ ಎಂದು ಪೆಟ್ರೋಲ್ ಎಂಜಿನಿನ ಪ್ರೆಶರ್ ವಾಷರ್ ತಂದಿಟ್ಟುಕೊಂಡವರು ಈಗ ಊರಲ್ಲಿ ಅಲ್ಲಲ್ಲಿ ಇದ್ದಾರೆ. ಆದರೆ ಎರಡು ವರ್ಷ ಬಿಟ್ಟು ಕೇಳಿದರೆ ಸಿಗುವ ಉತ್ತರ ಬೇರೆ: "ಮೊದಲು ಭಾರೀ ಲಾಯ್ಕ್ ಇತ್ತು ಮಾರಾಯ, ಈಗ ಸ್ಟಾರ್ಟೇ ಆಗ್ತಾ ಇಲ್ಲ."

ಇದರಲ್ಲಿ ಮೆಷಿನಿನ ತಪ್ಪು ಕಡಿಮೆ. ವರ್ಷಕ್ಕೆ ನಾಲ್ಕೈದು ದಿನ ಓಡಿ, ಉಳಿದ ಹನ್ನೊಂದು ತಿಂಗಳು ಶೆಡ್ಡಿನ ಮೂಲೆಯಲ್ಲಿ ನಿಲ್ಲುವ ಯಂತ್ರ ಇದು. ಅದು ಉಳಿಯುವುದೋ ಅಳಿಯುವುದೋ ನಿರ್ಧಾರವಾಗುವುದು ಆ ಹನ್ನೊಂದು ತಿಂಗಳಲ್ಲಿ.

ಮೊದಲು ಒಂದು ಮಾತು. ಐದಾರು ಸೆಂಟ್ಸ್ ಜಾಗದ ಮನೆ, ಒಂದು ಕಾರು, ಒಂದು ಬೈಕು ಇದ್ದವರಿಗೆ ಕರೆಂಟಿನ ಸಣ್ಣ ವಾಷರೇ ಸಾಕು. ಸದ್ದು ಕಡಿಮೆ, ಹೊಗೆ ಇಲ್ಲ, ನಿರ್ವಹಣೆಯೂ ಹೆಚ್ಚಿಲ್ಲ. ದೊಡ್ಡ ಅಂಗಳ, ಉದ್ದದ ಕಾಂಪೌಂಡ್, ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳ, ವಯರ್ ಎಳೆಯಲಾಗದ ತೋಟದ ಕಡೆ ಕೆಲಸ ಇದ್ದವರಿಗೆ ಮಾತ್ರ ಪೆಟ್ರೋಲಿನದ್ದು ಬೇಕಾಗುತ್ತದೆ. ಲೋಡಿನಲ್ಲಿ ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಪೆಟ್ರೋಲ್ ಕುಡಿಯುವ ಎಂಜಿನ್ ಇದು. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಆ ಲೆಕ್ಕವನ್ನೂ ಹಾಕಿಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ವರ್ಷಕ್ಕೆ ಒಂದೇ ಸಲದ ಕೆಲಸವಾದರೆ ಬಾಡಿಗೆಗೆ ತರುವುದೇ ಲಾಭ.

ಒಳಗೆ ಇರುವುದು ಎರಡು ಯಂತ್ರ. ಮೇಲೆ ನಾಲ್ಕು ಸ್ಟ್ರೋಕಿನ ಎಂಜಿನ್, ಅದಕ್ಕೆ ಜೋಡಿಸಿದ ಪಂಪು. ಎಂಜಿನಿಗೆ ಎಣ್ಣೆ, ಗಾಳಿ, ಹೊಸ ಪೆಟ್ರೋಲ್ ಬೇಕು. ಪಂಪಿಗೆ ನೀರು ಬೇಕು, ಅಷ್ಟೇ. ಆದರೆ ಆ ನೀರು ಕೊಡುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಪಂಪಿನ ಒಳಗಿನ ಸೀಲುಗಳನ್ನು ತಂಪಾಗಿ ಇಡುವುದು ಅದರ ಮೂಲಕ ಹರಿಯುವ ನೀರೇ. ನೀರಿಲ್ಲದೆ ಒಂದೆರಡು ನಿಮಿಷ ಓಡಿದರೂ ಸೀಲ್ ಸುಟ್ಟುಹೋಗಬಹುದು. "ಸ್ಟಾರ್ಟ್ ಆಗ್ತದಾ ಅಂತ ನೋಡಿದ್ದು ಅಷ್ಟೇ" ಎಂದು ಪೈಪ್ ಸಿಕ್ಕಿಸದೆ ಹಗ್ಗ ಎಳೆಯುವವರು ಬಹಳ. ತಿಂಗಳಿಗೊಮ್ಮೆ ಎಂಜಿನ್ ಓಡಿಸಿ ಇಡಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ, ನೀರಿಲ್ಲದೆ ಓಡಿಸಿ, ಎಂಜಿನ್ ಉಳಿಸಿ ಪಂಪು ಕಳೆದುಕೊಂಡವರೂ ಇದ್ದಾರೆ.

ನೀರು ಬಂದರೆ ಸಾಲದು, ಬೇಕಾದಷ್ಟು ಬರಬೇಕು. ಮನೆಗೆ ತರುವ ಮೆಷಿನ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 8ರಿಂದ 10 ಲೀಟರ್ ನೀರು ಎಳೆಯುತ್ತವೆ. ಟೆರೇಸಿನ ಟ್ಯಾಂಕಿಯಿಂದ ಸಪೂರ ಪೈಪಿನಲ್ಲಿ ಇಳಿಯುವ ನೀರು ಅಷ್ಟು ಬರುತ್ತದೆಯೇ ಎಂದು ನೋಡಲು ಮೀಟರ್ ಬೇಡ. 20 ಲೀಟರಿನ ಪೇಂಟ್ ಬಕೆಟ್ ಇಟ್ಟು ಅದೇ ಪೈಪಿನಿಂದ ತುಂಬಿಸಿ ನೋಡಬೇಕು. ಎರಡು ನಿಮಿಷದ ಒಳಗೆ ತುಂಬಿದರೆ ಸರಿ, ಮೂರು ನಿಮಿಷ ಹಿಡಿದರೆ ಆ ಪೈಪ್ ಆಗದು. ನೀರು ಕಡಿಮೆಯಾದರೆ ಗನ್ನಿನಲ್ಲಿ ನೀರು ತಡೆತಡೆದು ಬರುತ್ತದೆ, ಪಂಪು ಕಡಕಡ ಎನ್ನುತ್ತದೆ. ಮೆಷಿನ್ ಕೆಟ್ಟಿತು ಎಂದು ಹೊತ್ತುಕೊಂಡು ಹೋಗುವ ಮೊದಲು ನೀರು ನೋಡಬೇಕು, ನೀರು ಒಳಹೋಗುವ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನೂ ನೋಡಬೇಕು. ನಮ್ಮ ಕಡೆಯ ಬಾವಿ, ಸುರಂಗದ ನೀರಿನಲ್ಲಿ ಬರುವ ಕೆಂಪು ಮಣ್ಣಿನ ಪುಡಿ ಅಲ್ಲಿಯೇ ಕಟ್ಟುವುದು. ಜಾಲರಿ ಹರಿದಿದೆ ಎಂದು ಅದನ್ನು ತೆಗೆದೇ ಓಡಿಸಿದರೆ ಆ ಮಣ್ಣು ನೇರ ಪಂಪಿನ ವಾಲ್ವಿಗೆ ಹೋಗುತ್ತದೆ. ಕಡಲ ಬದಿಯ ಮನೆಗಳಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುವುದುಂಟು. ಅಂಥ ನೀರಿನಲ್ಲಿ ಕೆಲಸ ಮಾಡಿದರೆ ಕೊನೆಯಲ್ಲಿ ಸಿಹಿನೀರು ಹಾಯಿಸಿಯೇ ನಿಲ್ಲಿಸಬೇಕು.

ಸ್ಟಾರ್ಟ್ ಮಾಡುವ ಕ್ರಮ ಹೀಗೆ. ಮೆಷಿನನ್ನು ಸಮತಟ್ಟಾದ ಜಾಗದಲ್ಲಿಟ್ಟು ಎಣ್ಣೆಯ ಮಟ್ಟ ನೋಡಬೇಕು. ಪೈಪ್ ಸಿಕ್ಕಿಸಿ ನೀರು ಬಿಟ್ಟು, ಎಂಜಿನ್ ಆಫ್ ಇರುವಾಗಲೇ ಗನ್ನಿನ ಟ್ರಿಗರ್ ಒತ್ತಿ ಹಿಡಿಯಬೇಕು. ಮೊದಲು ಗಾಳಿ, ಗುಳ್ಳೆ ಎಲ್ಲ ಬರುತ್ತದೆ. ನೀರು ಒಂದೇ ಸಮ ಬರಲು ಶುರುವಾದ ಮೇಲೆ ಪೆಟ್ರೋಲ್ ಕಾಕ್ ತೆರೆದು, ಚೋಕ್ ಹಾಕಿ, ಹಗ್ಗ ಎಳೆಯುವುದು. ಎಳೆಯುವ ಮುಂಚೆ ಇನ್ನೊಮ್ಮೆ ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಬಿಡಬೇಕು, ಇಲ್ಲದಿದ್ದರೆ ಹಗ್ಗ ಹಿಂದಕ್ಕೆ ಜಗ್ಗಿ ಮಣಿಕಟ್ಟಿಗೆ ಪೆಟ್ಟಾಗುತ್ತದೆ. ಎಂಜಿನ್ ಹಿಡಿದುಕೊಂಡ ಮೇಲೆ ಚೋಕ್ ತೆಗೆಯುವುದು. ಇಳಿಜಾರಾದ ಅಂಗಳದಲ್ಲಿ ಎಷ್ಟು ಎಳೆದರೂ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಎಣ್ಣೆ ಕಡಿಮೆಯಾದರೆ ಎಂಜಿನನ್ನು ತಡೆಯುವ ಸೆನ್ಸರ್ ಹಲವು ಮಾಡೆಲ್‌ಗಳಲ್ಲಿದೆ. ಓರೆಯಾಗಿಟ್ಟರೆ ಎಣ್ಣೆ ಇದ್ದರೂ ಅದು ಇಲ್ಲ ಎಂದೇ ತಿಳಿಯುತ್ತದೆ.

ಕೆಲಸದ ನಡುವೆ ಫೋನ್ ಬಂದರೆ ಎಂಜಿನ್ ಆಫ್ ಮಾಡಿಯೇ ಮಾತಾಡಬೇಕು. ಟ್ರಿಗರ್ ಬಿಟ್ಟಾಗ ಪಂಪು ನಿಲ್ಲುವುದಿಲ್ಲ, ಒಳಗಿರುವ ಅದೇ ನೀರನ್ನು ಸುತ್ತಿಸುತ್ತಾ ಇರುತ್ತದೆ. ಎರಡು ಮೂರು ನಿಮಿಷದಲ್ಲಿ ಆ ನೀರು ಬಿಸಿಯಾಗಿ ಸೀಲಿಗೆ ಕೇಡು. ಗಲ್ಫಿನಿಂದ ಬಂದ ಕಾಲ್ ಎರಡು ನಿಮಿಷದಲ್ಲಿ ಮುಗಿಯುವುದುಂಟೇ?

ಇನ್ನು ಮನುಷ್ಯರ ವಿಷಯ. ಕಾರಿನ ಟಯರಿನಲ್ಲಿರುವ ಪ್ರೆಶರ್ ಎರಡು ಬಾರಿಗಿಂತ ಸ್ವಲ್ಪ ಹೆಚ್ಚು. ಈ ಗನ್ನಿನಿಂದ ಬರುವ ನೀರು 150ರಿಂದ 200 ಬಾರ್. ನೀರೇ ಅಲ್ಲವೇ ಎಂದು ಚಪ್ಪಲಿಯ ಕೆಸರು ತೊಳೆಯಲು ಕಾಲಿಗೆ ಹಿಡಿಯುವವರಿದ್ದಾರೆ, ಮಕ್ಕಳಿಗೆ ತಮಾಷೆಗೆ ಹಾರಿಸುವವರೂ ಇದ್ದಾರೆ. ಹತ್ತಿರದಿಂದ ಬಡಿದರೆ ಆ ನೀರು ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಕೊಳೆ, ಸೋಪು, ನೀರು ಮಾಂಸದ ನಡುವೆ ಹರಡಿರುತ್ತದೆ. ಬ್ಯಾಂಡೇಜ್ ಅಂಟಿಸಿ ಮನೆಯಲ್ಲಿ ಕೂರುವ ಗಾಯವಲ್ಲ ಇದು. ಕೂಡಲೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ಗಾಯ ಪ್ರೆಶರ್ ವಾಷರಿನಿಂದ ಆದದ್ದು ಎಂದು ಬಾಯಿಬಿಟ್ಟು ಹೇಳಬೇಕು. ತಡವಾದರೆ ಬೆರಳೇ ಹೋಗುವ ಅಪಾಯವಿದೆ. ಬೂಟು, ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಳ್ಳುವುದು ದೊಡ್ಡಸ್ತಿಕೆಯ ವಿಷಯವಲ್ಲ. ಏಣಿ ಹತ್ತಿ ಗನ್ ಹಿಡಿಯುವುದಂತೂ ಬೇಡವೇ ಬೇಡ, ಟ್ರಿಗರ್ ಒತ್ತಿದ ಕೂಡಲೇ ಅದು ಹಿಂದಕ್ಕೆ ತಳ್ಳುತ್ತದೆ.

ಹೊಗೆಯದ್ದು ಅದಕ್ಕಿಂತ ದೊಡ್ಡ ಅಪಾಯ. ಪೆಟ್ರೋಲ್ ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಹನಿಯುತ್ತದೆ ಎಂದು ಶಟರ್ ಹಾಕಿದ ಪೋರ್ಚಿನೊಳಗೆ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ತಲೆ ತಿರುಗಿ ಬೀಳುವಷ್ಟು ಅನಿಲ ತುಂಬಿಕೊಳ್ಳುತ್ತದೆ. ಬಾವಿಯ ಒಳಸುತ್ತು, ನೆಲದಡಿಯ ನೀರಿನ ಟ್ಯಾಂಕಿ ತೊಳೆಯಲು ಎಂಜಿನನ್ನು ಒಳಗೆ ಇಳಿಸುವುದು ಅಥವಾ ಬಾಯಿಯ ಬಳಿಯೇ ಇಟ್ಟು ಓಡಿಸುವುದು ಜೀವಕ್ಕೆ ಅಪಾಯ. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಬಾವಿ, ಟ್ಯಾಂಕಿಗೆ ಕರೆಂಟಿನ ಮೆಷಿನನ್ನು ಹೊರಗಿಟ್ಟು ಉದ್ದದ ಹೋಸ್ ಬಳಸಬೇಕು. ಮನೆಯ ಹೊರಗೆ ಕೆಲಸ ಮಾಡುವಾಗಲೂ ಎಂಜಿನ್ ಕಿಟಕಿ ಬಾಗಿಲಿನಿಂದ 20 ಅಡಿಯಾದರೂ ದೂರ ಇರಲಿ. ಬಿಸಿ ಎಂಜಿನಿಗೆ ಪೆಟ್ರೋಲ್ ಸುರಿಯುವುದು ಬೇಡ, ಒಂದು ಚಾ ಕುಡಿದು ಬರುವಷ್ಟು ಹೊತ್ತು ತಣಿಯಲು ಬಿಡಬೇಕು.

ನಾಝಲ್‌ಗೆ ಬಣ್ಣದ ಗುರುತಿದೆ. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಮನೆ ಕೆಲಸಕ್ಕೆ ಕೆಂಪು ಬೇಕಾಗುವುದೇ ಇಲ್ಲ, ಅದನ್ನು ತೆಗೆದಿಟ್ಟುಬಿಡುವುದು ಒಳ್ಳೆಯದು. ಅಂಗಳಕ್ಕೆ ಹಸಿರು, ಕಾರಿಗೆ ಬಿಳಿ. ಕಾರಿಗೆ ಒಂದೂವರೆ ಅಡಿ ದೂರದಿಂದ ಹಿಡಿಯಬೇಕು, ಟಯರಿನ ಬದಿಗೂ ರೇಡಿಯೇಟರಿಗೂ ಹತ್ತಿರದಿಂದ ಹೊಡೆಯಬಾರದು. ಇಂಟರ್‌ಲಾಕಿನ ಸಂದಿಗೆ ನೇರ ಹೊಡೆದರೆ ನಡುವಿನ ಹೊಯಿಗೆ ಎದ್ದುಹೋಗಿ ಕಲ್ಲು ಅಲುಗಾಡಲು ಶುರುವಾಗುತ್ತದೆ. ಗಾರೆ ಹಾಕದ ಕೆಂಪುಕಲ್ಲಿನ ಗೋಡೆ ಮೃದು. ಹತ್ತಿರದಿಂದ ಹಿಡಿದರೆ ಪಾಚಿಯ ಜೊತೆ ಕಲ್ಲೂ ಉದುರುತ್ತದೆ. ಹಂಚಿನ ಮಾಡಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ನೇರ ಒಳಗೆ. ಮೀಟರ್ ಬೋರ್ಡು, ಸ್ವಿಚ್ಚು, ಸರ್ವಿಸ್ ವಯರಿನ ಹತ್ತಿರಕ್ಕೂ ಗನ್ ತಿರುಗಿಸುವುದು ಬೇಡ.

ಎಣ್ಣೆಯ ವಿಷಯ ಸುಲಭ. ಇಂಥ ಸಣ್ಣ ಎಂಜಿನಿಗೆ ಸುಮಾರು ಅರ್ಧ ಲೀಟರಿನಿಂದ 600 ಮಿಲಿ ಎಣ್ಣೆ ಹಿಡಿಯುತ್ತದೆ, ಹೆಚ್ಚಿನವುಗಳಿಗೆ 10ಡಬ್ಲ್ಯೂ-30. ಹೊಸ ಮೆಷಿನಿನ ಮೊದಲ ಎಣ್ಣೆಯನ್ನು ಬೇಗ ಬದಲಾಯಿಸಬೇಕು. ಕೆಲವು ಕಂಪೆನಿಗಳು 5 ಗಂಟೆಗೆ, ಕೆಲವು 20 ಗಂಟೆಗೆ ಎನ್ನುತ್ತವೆ, ಕೈಪಿಡಿ ನೋಡಿ. ಆಮೇಲೆ ಮನೆ ಬಳಕೆಗೆ ವರ್ಷಕ್ಕೊಮ್ಮೆ ಸಾಕು. ಪಂಪಿನ ಎಣ್ಣೆ ಬೇರೆ, ಸಣ್ಣ ಪಂಪುಗಳಲ್ಲಿ ಅದನ್ನು ಬದಲಾಯಿಸುವ ವ್ಯವಸ್ಥೆಯೇ ಇರುವುದಿಲ್ಲ. ಏರ್ ಫಿಲ್ಟರಿನ ಸ್ಪಂಜನ್ನು ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಬೇಕು. ಕಾಗದದ ಫಿಲ್ಟರಾದರೆ ತಟ್ಟಿ ಧೂಳು ತೆಗೆಯುವುದು ಮಾತ್ರ, ತೊಳೆಯಬಾರದು.

ಈಗ ಆ ಹನ್ನೊಂದು ತಿಂಗಳಿಗೆ ಬರೋಣ. ಸ್ಟಾರ್ಟ್ ಆಗದೆ ರಿಪೇರಿಗೆ ಬರುವ ಮೆಷಿನ್‌ಗಳಲ್ಲಿ ಸಾಮಾನ್ಯ ಕಾಯಿಲೆ ಹಳೆ ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20. ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಶೇ. 10ರವರೆಗೆ ಮಾತ್ರ ಎಂದಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರಗಾಲವಿಲ್ಲ. ಟ್ಯಾಂಕಿಯಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಇಳಿಯುತ್ತದೆ, ಪೆಟ್ರೋಲ್ ಆರಿ ಉಳಿದ ಅಂಟು ಕಾರ್ಬುರೇಟರಿನ ಕೂದಲೆಳೆಯಂಥ ಜೆಟ್ಟನ್ನು ಮುಚ್ಚುತ್ತದೆ. ಎಂಜಿನ್ ಏರುತ್ತಾ ಇಳಿಯುತ್ತಾ ಗುರುಗುಟ್ಟಿದರೆ ಜೆಟ್ ಅರ್ಧ ಮುಚ್ಚಿದೆ ಎಂದು ಅರ್ಥ. ಸ್ಟಾರ್ಟೇ ಆಗದಿದ್ದರೆ ಪೂರ್ತಿ ಮುಚ್ಚಿರಬಹುದು.

ಹಾಗಾಗಿ ಸೀಸನ್ನಿನ ಕೊನೆಯ ದಿನದ ಅರ್ಧ ಗಂಟೆ ಮೆಷಿನಿಗೆ ಕೊಡಬೇಕು. ಸೋಪು ಬಳಸಿದ್ದರೆ ಬರೀ ನೀರು ಹಾಯಿಸುವುದು. ಟ್ಯಾಂಕಿಯಲ್ಲಿ ಉಳಿದ ಪೆಟ್ರೋಲನ್ನು ಎಂಜಿನ್ ತಣಿದ ಮೇಲೆ ಕ್ಯಾನಿಗೆ ತೆಗೆದು ಬೈಕಿಗೆ ಹಾಕಿದರೆ ಒಂದು ಹನಿಯೂ ದಂಡವಿಲ್ಲ. ನೀರಿನ ಪೈಪ್ ಇನ್ನೂ ಸಿಕ್ಕಿಸಿರುವಾಗಲೇ ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಟ್ರಿಗರ್ ಒತ್ತಿ ಓಡಿಸಬೇಕು. ಅನಂತರ ನೀರು ಬಂದ್ ಮಾಡಿ, ಟ್ರಿಗರ್ ಒತ್ತಿ ಪ್ರೆಶರ್ ಬಿಟ್ಟು, ಪೈಪ್ ಕಳಚಿ, ಸ್ವಿಚ್ ಆಫ್ ಇರುವಂತೆಯೇ ಹಗ್ಗವನ್ನು ಐದಾರು ಸಲ ಮೆಲ್ಲಗೆ ಎಳೆದರೆ ಪಂಪಿನಲ್ಲಿ ನಿಂತ ನೀರು ಹೊರಬೀಳುತ್ತದೆ. ಆ ನೀರು ಒಳಗೇ ಆರಿದರೆ ಬಿಳಿ ಉಪ್ಪು ಕಟ್ಟಿ ವಾಲ್ವ್ ಅಂಟಿಕೊಳ್ಳುವುದು. ಪಂಪ್ ಸೇವರ್ ಎಂಬ ದ್ರವ ಸಿಕ್ಕಿದರೆ ನೀರು ಒಳಹೋಗುವ ಬಾಯಿಯಲ್ಲಿ ಹಾಕಿಡಬಹುದು. ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗ ನಿಧಾನ ಎರಡು ಸಲ ಎಳೆದು ಪ್ಲಗ್ ಮತ್ತೆ ಹಾಕಿದರೆ ಸಿಲಿಂಡರಿಗೆ ತುಕ್ಕು ಹಿಡಿಯದು. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಸುತ್ತುವುದು ಬೇಡ, ಒಳಗೆ ಬೆವರುತ್ತದೆ. ಹಳೆ ಬೆಡ್‌ಶೀಟ್ ಸಾಕು. ಸೈಲೆನ್ಸರಿನ ಬಾಯಿಗೆ ಒಂದು ಬಟ್ಟೆ ಸಿಕ್ಕಿಸಿದರೆ ಕಣಜ ಗೂಡು ಕಟ್ಟದು. ಆದರೆ ಮುಂದಿನ ವರ್ಷ ಸ್ಟಾರ್ಟ್ ಮಾಡುವ ಮೊದಲು ಅದನ್ನು ತೆಗೆಯುವ ನೆನಪು ಬೇಕು. ಹಗ್ಗದ ಹಿಡಿಗೇ ಒಂದು ಚೀಟಿ ಕಟ್ಟಿಟ್ಟರೆ ಒಳ್ಳೆಯದು.

ಕೊನೆಗೆ ಎರವಲಿನ ಸಮಸ್ಯೆ. ಊರಲ್ಲಿ ಒಂದು ಮನೆಯಲ್ಲಿ ವಾಷರ್ ಇದ್ದರೆ ಅದು ಹತ್ತು ಮನೆಯದ್ದು. ಕೊಡುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಕೊಡುವಾಗ ಮೆಷಿನಿನ ಜೊತೆ ಹೋಗಿ ಒಮ್ಮೆ ನೀರು ಬಿಟ್ಟು, ಸ್ಟಾರ್ಟ್ ಮಾಡಿ ತೋರಿಸಿ ಬಂದರೆ ಸಾಕು. ಹಿಂದೆ ತಂದುಕೊಟ್ಟ ದಿನವೇ ಎಣ್ಣೆಯ ಕಡ್ಡಿ ಎಳೆದು ನೋಡುವುದು, ನೀರಿನ ಬಾಯಿಯ ಜಾಲರಿ ಅಲ್ಲಿಯೇ ಇದೆಯೇ ನೋಡುವುದು. ಹೆಚ್ಚಾಗಿ ಕಾಣೆಯಾಗುವುದು ಆ ಜಾಲರಿ ಮತ್ತು ಬಿಳಿ ನಾಝಲ್.