ಟೊಪ್ಪಿಯ ಬಿಲ್ಲೆ, ಕಪಾಟಿನ ಕಲ್ಲು

ನಮ್ಮ ನಡುಮನೆಯ ಗೋಡೆಗೆ ಹಳೆಯದೊಂದು ಬಟ್ಟೆಯ ಟೊಪ್ಪಿಯನ್ನು ತೂಗುಹಾಕಿದ್ದೇನೆ. ಅದರ ಸುತ್ತ ಹತ್ತೊಂಬತ್ತು ಲೋಹದ ಬಿಲ್ಲೆಗಳಿವೆ. ಒಂದೊಂದೂ ಹೆಚ್ಚುಕಡಿಮೆ ನಾಣ್ಯದಷ್ಟು ಅಗಲ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗಲೆಲ್ಲ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಂದಲೂ ಚಾರಿತ್ರಿಕ ತಾಣಗಳಿಂದಲೂ ಒಂದೊಂದಾಗಿ ಕೊಂಡು ತಂದವು ಇವು. ಮನೆಗೆ ಬಂದವರು ಮೊದಲು ಟೊಪ್ಪಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂಬ ಪ್ರಶ್ನೆ ಅವರ ಮುಖದಲ್ಲಿರುತ್ತದೆ.

ಹುಡುಗಾಟವೆಂದೇ ನಾನೂ ಆರಂಭಿಸಿದ್ದು. 1872ರಲ್ಲಿ ಯೆಲ್ಲೋಸ್ಟೋನ್ ಅನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಆ ದೇಶದಲ್ಲಿ ಇಂದು 63 ರಾಷ್ಟ್ರೀಯ ಉದ್ಯಾನಗಳೂ ಸೇರಿದಂತೆ ನಾಲ್ಕುನೂರಕ್ಕೂ ಹೆಚ್ಚು ತಾಣಗಳು ಒಂದೇ ಇಲಾಖೆಯ ಆಡಳಿತದಲ್ಲಿವೆ. ಬಹುತೇಕ ಕಡೆ ಪುಟ್ಟದೊಂದು ಪುಸ್ತಕದಂಗಡಿ ಇರುತ್ತದೆ, ಅದರ ಮೂಲೆಯಲ್ಲಿ ಬಿಲ್ಲೆಗಳ ಸಾಲು. ಅಚ್ಚೊತ್ತಿದ ಲೋಹದ ತಗ್ಗುಗಳಲ್ಲಿ ಬಣ್ಣದ ಎನಾಮೆಲ್ ತುಂಬಿ, ಕಾಯಿಸಿ ಗಟ್ಟಿಗೊಳಿಸಿರುತ್ತಾರೆ. ಬೆರಳಾಡಿಸಿದರೆ ಬೆಟ್ಟದ ಅಂಚೂ ನದಿಯ ಗೆರೆಯೂ ತಾಕುತ್ತವೆ. ಇಂಥ ಅಂಗಡಿಗಳಲ್ಲಿ ಅನೇಕವನ್ನು ನಡೆಸುವವು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು. ಉಳಿದ ಹಣ ಆಯಾ ತಾಣದ ಕೆಲಸಕ್ಕೇ ಹೋಗುತ್ತದೆ.

ಆದರೆ ಈ ಬಿಲ್ಲೆಯ ನಿಜವಾದ ಅರ್ಥ ನನಗೆ ತಿಳಿದದ್ದು ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ. ಸುಮಾರು 22 ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಬಿದ್ದಿರುವ ಬಯಲು ಅದು. ಮಣ್ಣಿನಡಿ ಹೂತುಹೋದ ದಿಮ್ಮಿಗಳೊಳಗೆ ನೀರು ಹೊತ್ತುತಂದ ಸಿಲಿಕಾ ನೆಲೆಗೊಂಡು, ಮರದ ಕಣಕಣದ ಜಾಗದಲ್ಲೂ ಸ್ಫಟಿಕಶಿಲೆ ಕೂತಿದೆ. ಕೆಂಪು, ಹಳದಿ, ನೇರಳೆ ಬಣ್ಣದ ಚೂರುಗಳು ಕಾಲಡಿಯಲ್ಲೇ ಹರಡಿರುವಾಗ ಒಂದನ್ನು ಜೇಬಿಗೆ ಸೇರಿಸುವ ಆಸೆ ಯಾರಿಗಾದರೂ ಹುಟ್ಟೀತು. ಹಾಗೆ ಒಯ್ದವರಲ್ಲಿ ಅನೇಕರು ವರ್ಷಗಳ ನಂತರ ಕ್ಷಮೆ ಕೇಳಿ ಪತ್ರ ಬರೆದು, ಚೂರನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಕಲ್ಲು ಮನೆಗೆ ಬಂದ ಮೇಲೆ ಕಷ್ಟಗಳು ಬಂದವೆಂದು ಕೆಲವರು, ಮನಸ್ಸು ಚುಚ್ಚಿತೆಂದು ಕೆಲವರು. ಬಂದ ಕಲ್ಲನ್ನು ಮರಳಿ ಬಯಲಿನಲ್ಲಿ ಇಡುವಂತಿಲ್ಲ. ಯಾವುದು ಎಲ್ಲಿತ್ತೆಂದು ಗೊತ್ತಿಲ್ಲದೆ ಇಟ್ಟರೆ ನೆಲದ ಚರಿತ್ರೆಯೇ ಕಲಸಿಹೋಗುತ್ತದೆ. ಆದ್ದರಿಂದ ಅವನ್ನೆಲ್ಲ ಒಂದೆಡೆ ರಾಶಿ ಹಾಕಿದ್ದಾರೆ. ಅದಕ್ಕೆ ಇಟ್ಟಿರುವ ಹೆಸರು ‘ಆತ್ಮಸಾಕ್ಷಿಯ ರಾಶಿ’.

ಅಂದು ನನ್ನ ಮೊಮ್ಮಗಳು ಮಕ್ಕಳಿಗಾಗಿ ಇರುವ ‘ಜೂನಿಯರ್ ರೇಂಜರ್’ ಪುಸ್ತಿಕೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಮುಗಿಸಿದ್ದಳು. ರೇಂಜರ್ ಎದುರು ಬಲಗೈ ಎತ್ತಿ, ಇಂಥ ತಾಣಗಳನ್ನು ಕಾಪಾಡುತ್ತೇನೆಂದು ಪ್ರಮಾಣ ಮಾಡಿ ತನ್ನ ಬಿಲ್ಲೆಯನ್ನು ಪಡೆದಳು. ನನ್ನದು ಹಣ ಕೊಟ್ಟು ಕೊಂಡದ್ದು, ಅವಳದು ದುಡಿದು ಗಳಿಸಿದ್ದು. ಕಾರಿನಲ್ಲಿ ಮರಳುವಾಗ ಅವಳು ಸುಮ್ಮನೆ ಕೇಳಿದಳು: “ತಾತ, ನೀವು ಯಾವತ್ತಾದ್ರೂ ಎಲ್ಲಿಂದಾದ್ರೂ ಕಲ್ಲು ತಂದಿದೀರಾ?”

ತಂದಿದ್ದೆ. 1974ರಲ್ಲಿ, ಕಾಲೇಜಿನ ಪ್ರವಾಸದಲ್ಲಿ ಹಂಪಿಗೆ ಹೋದಾಗ, ಕುಸಿದ ಮಂಟಪವೊಂದರ ಬಳಿ ಬಿದ್ದಿದ್ದ ಗ್ರಾನೈಟ್ ಚೂರೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಅಂಗೈಯಗಲದ ಅದರ ಮೇಲೆ ತಾವರೆಯ ಎರಡೂವರೆ ದಳಗಳ ಕೆತ್ತನೆ. ಅದು ಐದು ಬಾಡಿಗೆ ಮನೆಗಳನ್ನು ಕಂಡು, ಕೊನೆಗೆ ಸ್ವಂತ ಮನೆಯ ಗಾಜಿನ ಕಪಾಟನ್ನು ಸೇರಿತ್ತು. ಕಳ್ಳತನವೆಂದು ಎಂದೂ ಅನ್ನಿಸಿರಲಿಲ್ಲ. ಚರಿತ್ರೆಯ ಮೇಲಿನ ಪ್ರೀತಿ ಎಂದೇ ಬಂದವರಿಗೆಲ್ಲ ತೋರಿಸಿದ್ದೆ. ಎಂಟು ವರ್ಷದ ಹುಡುಗಿಗೆ “ಇಲ್ಲ” ಎಂದುಬಿಟ್ಟೆ.

ಅದೇ ಪ್ರವಾಸದಲ್ಲಿ ಕ್ಯಾಲಿಫೋರ್ನಿಯಾದ ಮಾಂಜನಾರ್‌ಗೂ ಹೋದೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ. ಮಾಂಜನಾರ್ ಒಂದರಲ್ಲೇ ಒಂದು ಹಂತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. 1988ರಲ್ಲಿ ಸರ್ಕಾರ ಕಾನೂನಿನ ಮೂಲಕವೇ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಿತು. 1992ರಲ್ಲಿ ಆ ಜಾಗವನ್ನು ರಾಷ್ಟ್ರೀಯ ಚಾರಿತ್ರಿಕ ತಾಣವಾಗಿಸಿತು. ಜಲಪಾತದ ಬಿಲ್ಲೆಯ ಪಕ್ಕದಲ್ಲಿ ಈ ಬಿಲ್ಲೆಯನ್ನು ಚುಚ್ಚಿಕೊಳ್ಳುವಾಗ ಕೈ ತಡೆಯಿತು. ಇದು ನೋಡಿ ಬಂದ ಚೆಲುವಿನ ಗುರುತಲ್ಲ. ಒಂದು ದೇಶ ತನ್ನ ತಪ್ಪನ್ನು ಒಪ್ಪಿಕೊಂಡದ್ದರ ಗುರುತು. ದೇಶವೊಂದು ಒಪ್ಪಿಕೊಳ್ಳಬಹುದಾದರೆ ನಿವೃತ್ತ ಅಧ್ಯಾಪಕನಿಗೇನು ಅಡ್ಡಿ?

ಊರಿಗೆ ಮರಳಿದ ಮೇಲೆ ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹಂಪಿಗೆ ಹೋದೆ. ಅಲ್ಲಿ ಸಂಬಂಧಪಟ್ಟ ಅಧಿಕಾರಿ ಬೈಯಲಿಲ್ಲ. ಕಲ್ಲನ್ನು ಹಿಂದೆಮುಂದೆ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಇದು ಎಲ್ಲಿ ಬಿದ್ದಿತ್ತು, ಸರ್?” ನೆನಪಿರಲಿಲ್ಲ. ಒಂದು ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಅಲೆದೆ. ಯಾವ ಮಂಟಪವನ್ನು ನೋಡಿದರೂ ಅದೇ ಇರಬೇಕೆನಿಸಿತು. ಉಳಿದರ್ಧ ದಳ ಎಲ್ಲಿಯಾದರೂ ಕಂಡೀತೇ ಎಂದು ಹುಡುಕಿದೆ, ಕಾಣಲಿಲ್ಲ. ಕಲ್ಲು ಊರಿಗೆ ಮರಳಿತು, ಮನೆಗೆ ಮರಳಲಿಲ್ಲ. ನಾನು ಕದ್ದದ್ದು ಕಲ್ಲನ್ನಷ್ಟೇ ಅಲ್ಲ, ಅದರ ವಿಳಾಸವನ್ನು ಕೂಡ.

ಸಂರಕ್ಷಿತ ಸ್ಮಾರಕಗಳಿಗೆ ಧಕ್ಕೆ ತಂದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ನಮ್ಮಲ್ಲೂ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಅವಕಾಶ ಕೊಟ್ಟಿದೆ. ಕಾನೂನು ಬೇಕು, ನಿಜ. ಆದರೆ ನೋಡಿದ ಜಾಗದಿಂದ ಏನನ್ನಾದರೂ ಒಯ್ಯಬೇಕೆಂಬ ಮನುಷ್ಯನ ಆಸೆ ದಂಡದ ಭಯದಿಂದ ಮಾತ್ರ ಅಡಗುವಂಥದಲ್ಲ. ಅದಕ್ಕೊಂದು ನಿರುಪದ್ರವಿ ದಾರಿ ತೋರಿಸಬೇಕು. ಹಂಪಿಯ ಕಲ್ಲಿನ ರಥವನ್ನು 2017ರಲ್ಲಿ ಐವತ್ತು ರೂಪಾಯಿ ನೋಟಿನ ಮೇಲೆ ಅಚ್ಚುಹಾಕಿದ್ದೇವೆ. ಅದನ್ನೇ ಅಚ್ಚುಕಟ್ಟಾದ ಬಿಲ್ಲೆಯಾಗಿಸಿ ಟಿಕೆಟ್ ಕೌಂಟರಿನ ಪಕ್ಕದಲ್ಲೇ ಮಾರಬಾರದೇಕೆ? ಶಾಲಾ ಮಕ್ಕಳಿಗೆ ಪುಸ್ತಿಕೆ ಕೊಟ್ಟು, ಓದಿ ಉತ್ತರಿಸಿದವರ ಎದೆಗೆ ಪುಕ್ಕಟೆಯಾಗಿ ಚುಚ್ಚಬಾರದೇಕೆ? ಬಾದಾಮಿ, ಐಹೊಳೆ, ಹಳೇಬೀಡುಗಳಿಗೂ ಇದೇ ಮಾತು.

ನಮ್ಮ ಕಪಾಟಿನಲ್ಲಿ ಕಲ್ಲಿದ್ದ ಜಾಗ ಈಗ ಖಾಲಿ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಮೊಮ್ಮಗಳು ಅಲ್ಲಿ ಏನಿತ್ತೆಂದು ಕೇಳಿದಳು. ಈ ಸಲ ನಿಜ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಸಾರಿ ಅಂತ ಲೆಟರ್ ಬರೆದ್ರಾ?” ಎಂದಳು. ಬರೆದಿರಲಿಲ್ಲ. ಈ ಲೇಖನವೇ ಆ ಪತ್ರ.